ಇನ್ಸುಲಿನ್‌ನಿಂದ ರಕ್ತನಾಳ ಬ್ಲಾಕ್ ಆಗುತ್ತದೆಯೇ?

ಪ್ರಶ್ನೆ: ನನಗೆ 48 ವರ್ಷ. ಊರು ಕುಂದಾಪುರ ಕಡೆ, ಕೆಲಸ ಕುವೈತ್‌ನ ಮಂಗಾಫ್‌ನಲ್ಲಿ. ಎಷ್ಟು ಮಾತ್ರೆ ನುಂಗಿದರೂ ಶುಗರ್‌ನ ಎಚ್‌ಬಿಎ1ಸಿ 10ರಿಂದ ಇಳಿಯುತ್ತಿಲ್ಲ. ಡಾಕ್ಟರು ಇನ್ಸುಲಿನ್ ಬರೆದುಕೊಟ್ಟಿದ್ದಾರೆ. ಅದರಿಂದ ರಕ್ತನಾಳದ ಗೋಡೆ ದಪ್ಪವಾಗಿ ಬ್ಲಾಕ್ ಆಗುತ್ತದೆಂದು ರೂಮಿನವರು ಹೆದರಿಸುತ್ತಿದ್ದಾರೆ. ಪೆನ್ನು ಇನ್ನೂ ಫ್ರಿಜ್‌ನಲ್ಲೇ ಇದೆ. ಏನು ಮಾಡಲಿ?
– ಹೆಸರು ಬೇಡ

ಉತ್ತರ: ರೂಮಿನವರ ಮಾತು ಪೂರ್ತಿ ಸುಳ್ಳಲ್ಲ. ಅರ್ಧ ನಿಜವಾದ್ದರಿಂದಲೇ ಅದು ಇಷ್ಟು ಹೆದರಿಸುತ್ತದೆ.

ಇನ್ಸುಲಿನ್ ರಕ್ತನಾಳದ ಒಳಪದರದಿಂದ ನೈಟ್ರಿಕ್ ಆಕ್ಸೈಡ್ ಬಿಡಿಸಿ ನಾಳವನ್ನು ಸಡಿಲಿಸುತ್ತದೆ. ಗೋಡೆಯ ಸ್ನಾಯುಕೋಶಗಳಿಗೆ ಬೆಳೆಯಲು ಸೂಚನೆ ಕೊಡುವುದೂ ಅದೇ. ಇನ್ಸುಲಿನ್ ಪ್ರತಿರೋಧ (ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದ ಸ್ಥಿತಿ) ಬಂದವರಲ್ಲಿ ಮೊದಲ ಕೆಲಸ ಕುಂಠಿತವಾಗುತ್ತದೆ, ಎರಡನೆಯದು ಮುಂದುವರಿಯುತ್ತದೆ. ಹೊಸ ರಕ್ತನಾಳ ಚಿಗುರಿಸುವ ವಿಇಜಿಎಫ್ ಎಂಬ ಬೆಳವಣಿಗೆ ಅಂಶದ ಕಥೆ ಇನ್ನೂ ವಿಚಿತ್ರ: ಸಕ್ಕರೆ ಕಾಯಿಲೆಯಲ್ಲಿ ಅದು ಬೇಕಾದ ಹೃದಯದಲ್ಲಿ ಕಡಿಮೆಯಾಗುತ್ತದೆ, ಬೇಡದ ರೆಟಿನಾದಲ್ಲಿ ಹೆಚ್ಚುತ್ತದೆ. ಅಂದರೆ ತಕರಾರು ಇರುವುದು ಪ್ರತಿರೋಧದಲ್ಲಿ ಮತ್ತು ಏರಿದ ಸಕ್ಕರೆಯಲ್ಲಿ.

ಪ್ರಯೋಗಾಲಯದ ಕೋಶಗಳ ಮಾತು ಬಿಡಿ, ಮನುಷ್ಯರಲ್ಲಿ ಏನಾಯಿತು? 2012ರಲ್ಲಿ ಪ್ರಕಟವಾದ ‘ಒರಿಜಿನ್’ ಅಧ್ಯಯನದಲ್ಲಿ 12,537 ಜನರಿದ್ದರು. ಗ್ಲಾರ್ಜಿನ್ ಇನ್ಸುಲಿನ್ ಪಡೆದವರನ್ನು ಆರು ವರ್ಷಕ್ಕೂ ಮೇಲೆ ಗಮನಿಸಿದರು. ಹೃದಯಾಘಾತ, ಪಾರ್ಶ್ವವಾಯು ಹೆಚ್ಚಲಿಲ್ಲ, ಕಡಿಮೆಯೂ ಆಗಲಿಲ್ಲ. ತೂಕ ತುಸು ಏರಿತು, ಶುಗರ್ ತೀರಾ ಇಳಿಯುವ ಪ್ರಸಂಗಗಳು ಜಾಸ್ತಿಯಾದವು. ಜೇಬಿನಲ್ಲಿ ಗ್ಲೂಕೋಸ್ ಇಟ್ಟುಕೊಳ್ಳಿ. ಶುಗರ್ 70ಕ್ಕಿಂತ (ಮಿ.ಗ್ರಾಂ/ಡಿಎಲ್) ಕೆಳಗಿಳಿದರೆ ತಕ್ಷಣ ತಿನ್ನಿ.

ಕಣ್ಣಿನ ವಿಷಯದಲ್ಲಿ ಮಾತ್ರ ಉದಾಸೀನ ಬೇಡ. ಏರಿದ್ದ ಸಕ್ಕರೆ ಗಡಿಬಿಡಿಯಲ್ಲಿ ಇಳಿದರೆ ರೆಟಿನಾದ ತೊಂದರೆ ಕೆಲಕಾಲ ಉಲ್ಬಣಿಸಬಹುದು. ಪಾಪೆ ಹಿಗ್ಗಿಸಿ ನೋಡುವ ತಪಾಸಣೆ ಮಾಡಿಸಿ. ಆ ದಿನ ಕಾರು ನೀವೇ ಓಡಿಸಬೇಡಿ.

ಇನ್ನು ಕುವೈತ್‌ನ ಬಿಸಿಲು. 2016ರ ಜುಲೈನಲ್ಲಿ ಮಿತ್ರಿಬಾದಲ್ಲಿ ತಾಪಮಾನ 53.9 ಡಿಗ್ರಿ ಮುಟ್ಟಿತ್ತು. ಬಳಕೆಯಲ್ಲಿರುವ ಗ್ಲಾರ್ಜಿನ್ ಪೆನ್ನು 30 ಡಿಗ್ರಿ ದಾಟಬಾರದು, 28 ದಿನದ ನಂತರ ಬಿಸಾಡಬೇಕು. ಡ್ಯಾಶ್‌ಬೋರ್ಡಿನಲ್ಲಿ ಮರೆತ ಪೆನ್ನನ್ನು ನಂಬಬೇಡಿ. ಹೊಸದು ಫ್ರಿಜ್‌ನಲ್ಲಿರಲಿ, ಫ್ರೀಜರ್‌ಗೆ ತಾಗಿ ಬೇಡ. ಹೆಪ್ಪುಗಟ್ಟಿದ್ದು ಕೆಲಸಕ್ಕೆ ಬಾರದು.

ಪ್ರತಿರೋಧಕ್ಕೆ ಮದ್ದು ನಡಿಗೆ. ಬೇಸಿಗೆಯಲ್ಲಿ ಮಾಲ್‌ನೊಳಗೇ ಸುತ್ತಿ, ನಾಚಿಕೆ ಏನು? ಅಗ್ಗಕ್ಕೆ ಕಟ್ಟು ಸಿಗುತ್ತದೆಂದು ರಾತ್ರಿ ಮೂರು ನಾಲ್ಕು ಕುಬ್ಬೂಸ್ ರೊಟ್ಟಿ ಮುಗಿಸುವ ಅಭ್ಯಾಸವಿದ್ದರೆ ಒಂದಕ್ಕೆ ಇಳಿಸಿ. ಮಾತ್ರೆಗಳನ್ನು ನೀವಾಗಿ ನಿಲ್ಲಿಸಬೇಡಿ.

ನಾಳೆಯೇ ಡಾಕ್ಟರಿಗೆ ಫೋನ್ ಮಾಡಿ ಇನ್ನೂ ಶುರು ಮಾಡಿಲ್ಲವೆಂದು ಹೇಳಿ, ಕಣ್ಣಿನ ತಪಾಸಣೆಯ ಬಗ್ಗೆ ಕೇಳಿ, ಅವರು ಹೇಳಿದ ಡೋಸಿನಿಂದ ಆರಂಭಿಸಿ.