ಟೊಳ್ಳಾದ ಮೂಳೆಗೆ ಲೋಳೆಯ ಆಸರೆ

ಒಂದು ಚಮಚ ಕಾಮಕಸ್ತೂರಿ ಬೀಜವನ್ನು ನೀರಿಗೆ ಹಾಕಿ, ಕಾಲು ಗಂಟೆ ಬಿಟ್ಟು ನೋಡಿ. ಪ್ರತಿ ಕಾಳಿನ ಸುತ್ತಲೂ ಗಾಜಿನಂಥ ಲೋಳೆ ಕಟ್ಟಿರುತ್ತದೆ. ಬೆರಳಲ್ಲಿ ಒತ್ತಿದರೆ ಜಾರುತ್ತದೆ, ನೀರನ್ನು ಮಾತ್ರ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಬೀಜದ ಸಿಪ್ಪೆಯಲ್ಲಿರುವ ಉದ್ದುದ್ದ ಸಕ್ಕರೆ ಸರಪಳಿಗಳು ನೀರನ್ನು ಬಲೆಯಂತೆ ಹಿಡಿದಿಟ್ಟಿವೆ. ಹೈಡ್ರೋಜೆಲ್ ಎಂದರೆ ಇದೇ: ನೀರು ಕುಡಿದು ಉಬ್ಬುವ, ಆದರೆ ನೀರಿನಲ್ಲಿ ಕರಗಿಹೋಗದ ಬಲೆ. ದೇಹಕ್ಕೆ ಒಗ್ಗುವ ಇಂಥ ಜೆಲ್ಲನ್ನು ಪ್ರಾಗ್‌ನ ಒಟ್ಟೊ ವಿಖ್ಟರ್ಲೆ ಮತ್ತು ದ್ರಾಹೊಸ್ಲಾವ್ ಲಿಮ್ 1960ರಲ್ಲಿ ಜಗತ್ತಿಗೆ ಪರಿಚಯಿಸಿದರು. ಮೆತ್ತನೆಯ ಕಾಂಟ್ಯಾಕ್ಟ್ ಲೆನ್ಸ್ ಹುಟ್ಟಿದ್ದು ಅದರಿಂದಲೇ.

ಈಗ ಇಂಥ ಲೋಳೆ ನೆರವಾಗಬಹುದಾದ ರೋಗದ ಕಡೆ ಬರೋಣ. ಆಸ್ಟಿಯೊಪೊರೋಸಿಸ್ ಎಂದೊಡನೆ ಹಲವರು ಮಂಡಿನೋವು ಎಂದುಕೊಳ್ಳುತ್ತಾರೆ. ಮಂಡಿಯಲ್ಲಿ ಸವೆಯುವುದು ಕೀಲಿನ ಮೃದ್ವಸ್ಥಿ; ಇಲ್ಲಿ ಮೂಳೆಯೇ ಒಳಗಿಂದ ಟೊಳ್ಳಾಗುತ್ತದೆ, ಬಹಳ ಸಲ ನೋವೇ ಇಲ್ಲದೆ. ಮೂಳೆ ಸತ್ತ ಕಲ್ಲಲ್ಲ. ಆಸ್ಟಿಯೊಕ್ಲಾಸ್ಟ್ ಎಂಬ ಕೋಶಗಳು ಹಳೆಯದನ್ನು ಕೆಡವುತ್ತಲೂ ಆಸ್ಟಿಯೊಬ್ಲಾಸ್ಟ್‌ಗಳು ಹೊಸದನ್ನು ಕಟ್ಟುತ್ತಲೂ ಇರುತ್ತವೆ. ಮುಟ್ಟು ನಿಂತು ಈಸ್ಟ್ರೊಜನ್ ಇಳಿದಾಗ ಕೆಡವುವ ಕೋಶಗಳ ಕೈ ಮೇಲಾಗುತ್ತದೆ. ಆಗ ಸಣ್ಣದಾಗಿ ಎಡವಿ ಬಿದ್ದರೂ ಮಣಿಕಟ್ಟು, ಸೊಂಟ ಮುರಿಯಬಹುದು. ಬೆನ್ನುಮೂಳೆಯ ಮಣಿ ಬೀಳದೆಯೂ ಕುಸಿಯಬಹುದು.

ಔಷಧಿ ಇಲ್ಲವೇ? ಇದೆ. ಆದರೆ ಅಲೆಂಡ್ರೊನೇಟ್ ಮಾತ್ರೆಯನ್ನು ನುಂಗಿದರೆ ರಕ್ತಕ್ಕೆ ಸೇರುವುದು ನೂರಕ್ಕೆ ಒಂದು ಪಾಲಿಗೂ ಕಡಿಮೆ. ಖಾಲಿ ಹೊಟ್ಟೆಯಲ್ಲಿ ನುಂಗಿ, ಅರ್ಧ ಗಂಟೆ ಮಲಗದೆ ಇರಬೇಕು, ಇಲ್ಲವಾದರೆ ಅನ್ನನಾಳ ಹುಣ್ಣಾದೀತು. ಅದೇ ಔಷಧಿಯನ್ನು ಮುರಿದ ಜಾಗಕ್ಕೇ ಇಟ್ಟರೆ? ಈ ರೋಗಕ್ಕೆ ಹೈಡ್ರೋಜೆಲ್ ಬಳಸುವ ಸಂಶೋಧನೆ ಹುಟ್ಟಿರುವುದು ಈ ಪ್ರಶ್ನೆಯಿಂದ.

ಕಡಲಪಾಚಿಯ ಆಲ್ಜಿನೇಟ್, ಸಿಗಡಿ ಚಿಪ್ಪಿನಿಂದ ತೆಗೆಯುವ ಕೈಟೋಸಾನ್, ಜೆಲಾಟಿನ್ ಇವೆಲ್ಲ ಜೆಲ್ಲಿನ ಕಚ್ಚಾವಸ್ತು. ಆಲ್ಜಿನೇಟ್ ದ್ರಾವಣಕ್ಕೆ ಕ್ಯಾಲ್ಸಿಯಂ ಸೇರಿಸಿದರೆ ಗಟ್ಟಿಯಾಗುತ್ತದೆ. ಗ್ಲಿಸರೊಫಾಸ್ಫೇಟ್ ಬೆರೆಸಿದ ಕೈಟೋಸಾನ್ ಇನ್ನೂ ಸೊಗಸು: ತಣ್ಣಗಿರುವಾಗ ನೀರಿನಂತೆ ಹರಿದು, ಮೈಯ ಬಿಸಿ ತಾಗಿದಾಗ ಲೋಳೆಯಾಗಿ ನಿಲ್ಲುತ್ತದೆ. ಹೀಗಾಗಿ ದೊಡ್ಡ ಕೊಯ್ತವಿಲ್ಲದೆ ಸೂಜಿಯಲ್ಲೇ ಬಿರುಕಿನೊಳಕ್ಕೆ ಹೊಗಿಸಬಹುದು. ಅಲ್ಲಿ ಬಲೆ ನಿಧಾನವಾಗಿ ಸವೆಯುತ್ತಾ ಔಷಧಿಯನ್ನು ಹನಿಹನಿಯಾಗಿ ಬಿಡುತ್ತದೆ. ಹೊಸ ಕೋಶಗಳಿಗೆ ಸಾರುವೆಯೂ ಆಗುತ್ತದೆ. ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಾಣುವುದು ಈ ಎರಡನೆಯ ಕೆಲಸ. ಟೊಳ್ಳು ಮೂಳೆಯಲ್ಲಿ ಕಟ್ಟುವ ಕೋಶಗಳಿಗೆ ಕಾಲೂರಲು ನೆಲವೇ ಕಡಿಮೆ.

ತೊಡಕು ಜೆಲ್ಲಿನ ಮೆತ್ತಗಿನ ಗುಣದಲ್ಲೇ ಇದೆ. ಸೊಂಟ ಹೊರುವ ಭಾರವನ್ನು ಲೋಳೆ ಹೊರಲಾರದು. ಅದಕ್ಕೇ ಮೂಳೆಯ ಖನಿಜವಾದ ಹೈಡ್ರಾಕ್ಸಿಅಪಟೈಟ್‌ನ ಸೂಕ್ಷ್ಮ ಕಣಗಳನ್ನು ಬೆರೆಸಿ ಗಟ್ಟಿಮಾಡುತ್ತಾರೆ. ಆಗಲೂ ಮುರಿದ ಕಡೆ ಲೋಹದ ಪಟ್ಟಿ, ಸ್ಕ್ರೂ ಬೇಕು. ಈ ಪ್ರಯೋಗಗಳು ಬಹುಪಾಲು ನಡೆದಿರುವುದು ಅಂಡಾಶಯ ತೆಗೆದ ಇಲಿಗಳ ಮೇಲೆ. ಮುಟ್ಟು ನಿಂತ ಸ್ಥಿತಿಯನ್ನು ಅವುಗಳಲ್ಲಿ ಹಾಗೆ ತರಲಾಗುತ್ತದೆ. ಇಲಿಯ ಮೂಳೆಯಲ್ಲಿ ಗೆದ್ದದ್ದು ಎಪ್ಪತ್ತರ ಅಜ್ಜಿಯ ಬೆನ್ನಿನಲ್ಲೂ ಗೆಲ್ಲಬೇಕೆಂದಿಲ್ಲ. ಗೆದ್ದರೂ, ಮಣಿಕಟ್ಟಿಗೆ ಹಾಕಿದ ಜೆಲ್ ಸೊಂಟವನ್ನು ಕಾಯದು. ರೋಗ ಇಡೀ ಮೈಯದ್ದಾದ್ದರಿಂದ ವೈದ್ಯರು ಬರೆದ ಔಷಧಿ ಜೆಲ್ಲಿನ ಜೊತೆಗೇ ಸಾಗಬೇಕಾಗುತ್ತದೆ.