ಯಾವ ಟೊರೆಂಟ್ ಸಾಫ್ಟ್‌ವೇರ್ ಹಾಕಿಕೊಳ್ಳೋಣ? ಮುಯ್ಯಾಳು, ಬಾವಲಿ ಮತ್ತು ನಿಮ್ಮ ಕಂಪ್ಯೂಟರ್

ಇವತ್ತಿನ ಸಂಚಿಕೆಯಲ್ಲಿ ನಾವು ಮಾತಾಡೋದು ಟೊರೆಂಟ್ ಬಗ್ಗೆ. ಈ ಹೆಸರು ಕೇಳಿದ ಕೂಡಲೇ ಬಹಳ ಜನರಿಗೆ ಕದ್ದ ಸಿನಿಮಾ ನೆನಪಾಗುತ್ತೆ. ಆದರೆ ಜೀವವಿಜ್ಞಾನದ ಲ್ಯಾಬ್‌ಗಳಲ್ಲಿ ನೂರಾರು ಗಿಗಾಬೈಟ್ ಮಾಹಿತಿಯನ್ನು ಒಂದು ದೇಶದಿಂದ ಇನ್ನೊಂದಕ್ಕೆ ಸಾಗಿಸಬೇಕಾದ ನಮ್ಮಂಥವರಿಗೆ ಇದೊಂದು ಸಾಗಾಣಿಕೆಯ ವಿಧಾನ, ಅಷ್ಟೇ. ಮಾರ್ಗನ್ ಲ್ಯಾಂಗಿಲ್ ಮತ್ತು ಜೊನಾಥನ್ ಐಸೆನ್ ಅನ್ನೋ ಜೀವವಿಜ್ಞಾನಿಗಳು 2010ರಲ್ಲೇ ಬಯೋಟೊರೆಂಟ್ಸ್ ಅಂತ ಒಂದು ವ್ಯವಸ್ಥೆ ಕಟ್ಟಿ, ಸಂಶೋಧನೆಯ ದತ್ತಾಂಶವನ್ನು ಹೀಗೆ ಹಂಚಬಹುದು ಅಂತ ತೋರಿಸಿದ್ದರು. ಲಿಬ್ರೆ ಆಫೀಸ್, ಡೆಬಿಯನ್, ಉಬುಂಟು ಇವೆಲ್ಲ ಇವತ್ತಿಗೂ ತಮ್ಮ ಅಧಿಕೃತ ಫೈಲ್‌ಗಳನ್ನು ಟೊರೆಂಟ್ ಮೂಲಕವೂ ಕೊಡುತ್ತವೆ.

ಹಾಗಾದರೆ ನಮ್ಮ ಕಂಪ್ಯೂಟರ್‌ಗೆ ಯಾವ ಉಚಿತ ಟೊರೆಂಟ್ ಸಾಫ್ಟ್‌ವೇರ್ ಒಳ್ಳೇದು? ಇದಕ್ಕೆ ಒಂದು ಹೆಸರು ಹೇಳಿ ಮುಗಿಸಬಹುದು. ಆದರೆ ಒಳಗೆ ಏನು ನಡೆಯುತ್ತೆ ಅಂತ ಗೊತ್ತಾದರೆ ಆಯ್ಕೆ ನೀವೇ ಮಾಡಬಹುದು. ಅದರ ಜೊತೆಗೆ, ಪರದೇಶದಲ್ಲಿ ಇರುವವರಿಗೆ ಬರಬಹುದಾದ ಒಂದು ದೊಡ್ಡ ತಲೆನೋವನ್ನೂ ತಪ್ಪಿಸಿಕೊಳ್ಳಬಹುದು.

ಮೊದಲು ಮೂಲ ವಿಚಾರ. ಹಾಸ್ಟೆಲ್‌ನಲ್ಲಿ ಒಬ್ಬರ ಹತ್ತಿರ ಮಾತ್ರ ಪೂರ್ತಿ ನೋಟ್ಸ್ ಇದೆ ಅಂದುಕೊಳ್ಳಿ. ನೂರು ಜನರೂ ಅವರ ಬಾಗಿಲಲ್ಲೇ ಸಾಲು ನಿಂತರೆ ಬೆಳಗಾದರೂ ಮುಗಿಯಲ್ಲ. ಅದರ ಬದಲು ಆತ ಬೇರೆ ಬೇರೆ ಹಾಳೆಗಳನ್ನು ಬೇರೆ ಬೇರೆಯವರಿಗೆ ಕೊಟ್ಟು, "ನೀವು ನೀವೇ ಜೆರಾಕ್ಸ್ ಮಾಡಿ ಬದಲಾಯಿಸಿಕೊಳ್ಳಿ" ಅಂದರೆ? ಎಲ್ಲರಿಗೂ ಬೇಗ ಸಿಗುತ್ತೆ. ಬ್ರಾಮ್ ಕೊಹೆನ್ 2001ರಲ್ಲಿ ರೂಪಿಸಿದ ಬಿಟ್‌ಟೊರೆಂಟ್ ವಿಧಾನ ಇದೇ. 4 ಗಿಗಾಬೈಟ್ ಫೈಲನ್ನು 4 ಮೆಗಾಬೈಟ್‌ನ ಚೂರುಗಳಾಗಿ ಮಾಡಿದರೆ ಹೆಚ್ಚುಕಡಿಮೆ ಸಾವಿರ ಚೂರು ಬರುತ್ತೆ. ಒಂದು ಚೂರು ನಿಮ್ಮ ಕೈಗೆ ಬಂದ ಕ್ಷಣದಿಂದಲೇ ನೀವು ಅದನ್ನು ಇನ್ನೊಬ್ಬರಿಗೆ ಕೊಡಲು ಶುರುಮಾಡ್ತೀರಿ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಪರಿಚಯವೇ ಇಲ್ಲದ ಜನರಿಂದ ಬಂದ ಚೂರನ್ನು ನಂಬೋದು ಹೇಗೆ? ಅದಕ್ಕೆ ಹ್ಯಾಶ್ ಇದೆ. ಹ್ಯಾಶ್ ಅಂದರೆ ಮಾಹಿತಿಯ ಬೆರಳಚ್ಚು. ಚೂರಿನಲ್ಲಿ ಒಂದೇ ಒಂದು ಬಿಟ್ ಬದಲಾದರೂ ಬೆರಳಚ್ಚು ಪೂರ್ತಿ ಬೇರೆಯಾಗುತ್ತೆ. ಟೊರೆಂಟ್ ಫೈಲ್ ಒಳಗೆ ಸಿನಿಮಾನೂ ಇರಲ್ಲ, ಪುಸ್ತಕಾನೂ ಇರಲ್ಲ. ಮುಖ್ಯವಾಗಿ ಇರೋದು ಈ ಬೆರಳಚ್ಚುಗಳ ಪಟ್ಟಿ. ಹಳೆಯ ಪದ್ಧತಿಯಲ್ಲಿ ಶಾ-1 ಅನ್ನೋ ಹ್ಯಾಶ್ ಬಳಸುತ್ತಿದ್ದರು. ಬೇರೆ ಬೇರೆ ಎರಡು ಫೈಲ್‌ಗಳಿಗೆ ಒಂದೇ ಶಾ-1 ಬರುವಂತೆ ಮಾಡಬಹುದು ಅಂತ 2017ರಲ್ಲಿ ಗೂಗಲ್ ಮತ್ತು ಆಮ್‌ಸ್ಟರ್‌ಡ್ಯಾಮ್‌ನ ಸಂಶೋಧಕರು ತೋರಿಸಿದರು. ಹೊಸ ಪದ್ಧತಿ, ಅಂದರೆ ಬಿಟ್‌ಟೊರೆಂಟ್ ಎರಡನೇ ಆವೃತ್ತಿ, ಶಾ-256 ಬಳಸುತ್ತೆ. ಸಾಫ್ಟ್‌ವೇರ್ ಆರಿಸುವಾಗ ಇದಕ್ಕೆ ಬೆಂಬಲ ಇದೆಯಾ ಅಂತ ನೋಡೋದು ಒಳ್ಳೇದು.

ಇನ್ನು ನಮಗೆ ಬಹಳ ಇಷ್ಟವಾದ ಭಾಗ. ಎಲ್ಲರೂ ತಗೊಂಡು, ಯಾರೂ ಕೊಡದೇ ಹೋದರೆ ಏನು ಗತಿ? ನಮ್ಮ ಹಳ್ಳಿಗಳಲ್ಲಿ ಮುಯ್ಯಾಳು ಪದ್ಧತಿ ಇದೆಯಲ್ವಾ? ಇವತ್ತು ನಿಮ್ಮ ಗದ್ದೆ ನಾಟಿಗೆ ನಾವು ಬರ್ತೀವಿ, ನಾಳೆ ನಮ್ಮ ಗದ್ದೆಗೆ ನೀವು ಬರಬೇಕು. ಬರದಿದ್ದರೆ ಮುಂದಿನ ಸಲ ನಾವೂ ಬರಲ್ಲ. ಬಿಟ್‌ಟೊರೆಂಟ್ ಕೂಡ ಹೀಗೇ. ಕೊಹೆನ್ 2003ರಲ್ಲಿ ವಿವರಿಸಿದ ಪ್ರಕಾರ, ನಿಮ್ಮ ಸಾಫ್ಟ್‌ವೇರ್ ಪ್ರತಿ 10 ಸೆಕೆಂಡಿಗೊಮ್ಮೆ ತನಗೆ ಯಾರು ಹೆಚ್ಚು ಕೊಡ್ತಿದ್ದಾರೆ ಅಂತ ನೋಡಿ ಅವರಿಗೇ ಮೊದಲು ಕೊಡುತ್ತೆ. ಹಾಗಂತ ಹೊಸಬರಿಗೆ ಅವಕಾಶವೇ ಇಲ್ಲ ಅಂತಲ್ಲ. 30 ಸೆಕೆಂಡಿಗೊಮ್ಮೆ ಯಾರಾದರೂ ಒಬ್ಬರಿಗೆ, ಏನೂ ಲೆಕ್ಕ ನೋಡದೆ, ಒಂದು ಅವಕಾಶ ಕೊಟ್ಟು ನೋಡುತ್ತೆ.

ಜೀವವಿಜ್ಞಾನದಲ್ಲಿ ಇದಕ್ಕೆ ಹಳೆಯ ನಂಟಿದೆ. ರಕ್ತ ಕುಡಿಯುವ ವ್ಯಾಂಪೈರ್ ಬಾವಲಿಗೆ ಎರಡು ಮೂರು ರಾತ್ರಿ ಆಹಾರ ಸಿಗದಿದ್ದರೆ ಸಾವೇ ಗತಿ. ಹೊಟ್ಟೆ ತುಂಬಿದ ಬಾವಲಿ ತಾನು ಕುಡಿದ ರಕ್ತವನ್ನು ಕಕ್ಕಿ ಹಸಿದ ಜೊತೆಗಾರನಿಗೆ ಕೊಡುತ್ತೆ, ಅದರಲ್ಲೂ ಹಿಂದೆ ತನಗೆ ಕೊಟ್ಟವರಿಗೆ ಕೊಡುವುದು ಹೆಚ್ಚು ಅಂತ ಜೆರಾಲ್ಡ್ ವಿಲ್ಕಿನ್ಸನ್ 1984ರಲ್ಲಿ ವರದಿ ಮಾಡಿದರು. ರಾಬರ್ಟ್ ಆಕ್ಸೆಲ್‌ರಾಡ್ ನಡೆಸಿದ ಕಂಪ್ಯೂಟರ್ ಪಂದ್ಯಗಳಲ್ಲೂ ಗೆದ್ದಿದ್ದು ಅನಾಟೋಲ್ ರಾಪೊಪೋರ್ಟ್ ಕಳಿಸಿದ ಸರಳ ತಂತ್ರ: ಮೊದಲು ಸಹಕರಿಸು, ಆಮೇಲೆ ಎದುರಿನವರು ಮಾಡಿದ್ದನ್ನೇ ಮಾಡು. ಗದ್ದೆ, ಗುಹೆ, ಕಂಪ್ಯೂಟರ್ ಮೂರರಲ್ಲೂ ಒಂದೇ ಲೆಕ್ಕಾಚಾರ!

ಎರಡು ಪದ ಗೊತ್ತಿರಲಿ. ಪೂರ್ತಿ ಫೈಲ್ ಇಟ್ಟುಕೊಂಡು ಹಂಚುವವರು ಸೀಡರ್, ಅಂದರೆ ಬೀಜ ಬಿತ್ತುವವರು. ತಗೊಂಡು ಕೊಡದೇ ಹೋಗುವವರು ಲೀಚ್, ಅಂದರೆ ಜಿಗಣೆ. ಮಲೆನಾಡಿನವರಿಗೆ ಇಂಬಳ ಅಂದರೆ ಬೇಗ ಅರ್ಥವಾಗುತ್ತೆ. ಎಲ್ಲ ಸೀಡರ್‌ಗಳೂ ಹೊರಟುಹೋದರೆ ಆ ಟೊರೆಂಟ್ ಸತ್ತ ಹಾಗೆ. ಹಾಗಾಗಬಾರದು ಅಂತ ಸಾಫ್ಟ್‌ವೇರ್‌ಗಳು ಅತಿ ಕಡಿಮೆ ಜನರ ಹತ್ತಿರ ಇರುವ ಚೂರನ್ನೇ ಮೊದಲು ಇಳಿಸಿಕೊಳ್ಳುತ್ತವೆ. ಅಪರೂಪದ ತಳಿಯ ಬೀಜವನ್ನು ಮೊದಲು ಉಳಿಸಿಕೊಳ್ಳುವ ಜಾಣತನವೇ ಇದು.

ಈಗ ತಲೆನೋವಿನ ವಿಚಾರಕ್ಕೆ ಬರೋಣ. ಇಳಿಸಿಕೊಳ್ಳುವಾಗಲೇ ಕೊಡಲೂ ಶುರುಮಾಡ್ತೀರಿ ಅಂದೆವಲ್ಲ? ಜೊತೆಗೆ, ಆ ಗುಂಪಿನಲ್ಲಿ ಇರುವ ಎಲ್ಲರಿಗೂ ನಿಮ್ಮ ಐಪಿ ವಿಳಾಸ ಕಾಣುತ್ತೆ. ಜರ್ಮನಿಯಲ್ಲಿ ಇದರ ಪರಿಣಾಮ ನೇರವಾಗಿದೆ. ಹಕ್ಕುದಾರರ ಪರವಾಗಿ ಕೆಲಸ ಮಾಡುವವರು ಗುಂಪಿಗೆ ತಾವೂ ಸೇರಿ, ಐಪಿ ವಿಳಾಸ ಮತ್ತು ಸಮಯ ಬರೆದುಕೊಂಡು, ನ್ಯಾಯಾಲಯದ ಆದೇಶದ ಮೂಲಕ ಇಂಟರ್ನೆಟ್ ಕಂಪನಿಯಿಂದ ಹೆಸರು ಪಡೆಯುತ್ತಾರೆ. ಆಮೇಲೆ ಮನೆಗೆ ಅಬ್‌ಮಾನುಂಗ್ ಅನ್ನೋ ವಕೀಲರ ಪತ್ರ ಬರುತ್ತೆ. ಕೇಳುವ ಹಣ ನೂರಾರು ಯೂರೋ. ಆ ಪತ್ರ ಹೋಗೋದು ಕನೆಕ್ಷನ್ ಯಾರ ಹೆಸರಲ್ಲಿದೆಯೋ ಅವರಿಗೆ. ಊರಿಂದ ಹೊಸದಾಗಿ ಬಂದ ವಿದ್ಯಾರ್ಥಿ ರಾತ್ರಿ ಒಂದು ಹೊಸ ಕನ್ನಡ ಸಿನಿಮಾ ಇಳಿಸಿದರೆ, ಪತ್ರ ಬರೋದು ಮನೆ ಹಂಚಿಕೊಂಡಿರುವ ಗೆಳೆಯನ ಹೆಸರಿಗೆ! ಅಂಥ ಪತ್ರ ಬಂದರೆ ಕಸದ ಬುಟ್ಟಿಗೆ ಹಾಕಬೇಡಿ, ಗಾಬರಿಯಲ್ಲಿ ಜೊತೆಗಿರುವ ಕಾಗದಕ್ಕೆ ಸಹಿಯನ್ನೂ ಹಾಕಬೇಡಿ. ಕೊಟ್ಟ ಗಡುವಿನ ಒಳಗೆ ಕಾನೂನು ಸಲಹೆ ತಗೊಳ್ಳಿ. ಹಲವು ವಿಶ್ವವಿದ್ಯಾಲಯಗಳ ವಿದ್ಯಾರ್ಥಿ ಸಂಘಗಳಲ್ಲಿ ಈ ಸಲಹೆ ಸಿಗುತ್ತೆ. ಯಾವ ಒಳ್ಳೆ ಸಾಫ್ಟ್‌ವೇರ್ ಹಾಕಿದರೂ ಈ ಅಪಾಯ ಹೋಗಲ್ಲ. ವಿಧಾನ ಕಾನೂನುಬದ್ಧವೇ, ಪ್ರಶ್ನೆ ಇರೋದು ನೀವು ಏನನ್ನು ಹಂಚುತ್ತೀರಿ ಅನ್ನೋದರಲ್ಲಿ.

ಈಗ ಆಯ್ಕೆ. ನಾವು ನಾಲ್ಕು ಪ್ರಶ್ನೆ ಕೇಳ್ತೀವಿ. ಒಂದು, ಇದರ ಸೋರ್ಸ್ ಕೋಡ್ ಎಲ್ಲರಿಗೂ ತೆರೆದಿದೆಯಾ? ಎರಡು, ಜಾಹೀರಾತು ಇದೆಯಾ, ಇನ್‌ಸ್ಟಾಲ್ ಮಾಡುವಾಗ ಬೇರೆ ಏನನ್ನಾದರೂ ಜೊತೆಗೆ ತುರುಕುತ್ತಾ? ಮೂರು, ಈಗಲೂ ಅಪ್‌ಡೇಟ್ ಬರ್ತಿದೆಯಾ? ನಾಲ್ಕು, ನಮ್ಮ ಕಂಪ್ಯೂಟರ್‌ಗೂ ನಮ್ಮ ಕೆಲಸಕ್ಕೂ ಹೊಂದುತ್ತಾ?

ಬಹಳ ಜನರಿಗೆ ಗೊತ್ತಿರುವ ಹೆಸರು ಮ್ಯೂಟೊರೆಂಟ್. 2005ರಲ್ಲಿ ಬಂದಾಗ ಅದು ಪುಟ್ಟದಾಗಿ, ಚುರುಕಾಗಿತ್ತು. ಆದರೆ ಕೋಡ್ ಮುಚ್ಚಿದೆ, ಉಚಿತ ಆವೃತ್ತಿಯಲ್ಲಿ ಜಾಹೀರಾತು ಇದೆ. 2015ರಲ್ಲಿ ಅದರ ಜೊತೆಗೆ ಎಪಿಕ್ ಸ್ಕೇಲ್ ಅನ್ನೋ ಕ್ರಿಪ್ಟೋ ನಾಣ್ಯ ಗಣಿಗಾರಿಕೆ ಪ್ರೋಗ್ರಾಂ ಒಪ್ಪಿಗೆ ಇಲ್ಲದೆ ಸೇರಿಕೊಂಡಿದೆ ಅಂತ ಬಳಕೆದಾರರು ದೂರಿದರು. ಒಪ್ಪಿಗೆ ಇಲ್ಲದೆ ಹಾಗಾಗಲ್ಲ ಅಂತ ಕಂಪನಿ ಹೇಳಿತು, ಕೊನೆಗೆ ಅದನ್ನು ತೆಗೆದೂ ಹಾಕಿತು. ನಮ್ಮ ಮೊದಲೆರಡು ಪ್ರಶ್ನೆಗಳಲ್ಲೇ ಇದು ಹಿಂದೆ ಬೀಳುತ್ತೆ.

ವಿಂಡೋಸ್ ಬಳಸುವ ಸಾಮಾನ್ಯ ಕೇಳುಗರಿಗೆ ನಮ್ಮ ಸಲಹೆ ಕ್ಯುಬಿಟ್‌ಟೊರೆಂಟ್. ಕೋಡ್ ತೆರೆದಿದೆ, ಜಾಹೀರಾತು ಇಲ್ಲ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಓಡುತ್ತೆ. ಟೊರೆಂಟ್ ಒಳಗಿನ ಹತ್ತು ಫೈಲ್‌ಗಳಲ್ಲಿ ನಿಮಗೆ ಬೇಕಾದ ಎರಡನ್ನು ಮಾತ್ರ ಇಳಿಸಬಹುದು, ಹಗಲು ನಿಧಾನ ರಾತ್ರಿ ಜೋರು ಅಂತ ಸಮಯ ಕಟ್ಟಬಹುದು.

ಮ್ಯಾಕ್ ಬಳಸುವವರಿಗೆ, ಹೆಚ್ಚು ಗುಂಡಿಗಳು ಬೇಡ ಅನ್ನುವವರಿಗೆ ಟ್ರಾನ್ಸ್‌ಮಿಷನ್ ಸೊಗಸು. ಹಗುರವಾಗಿದೆ, ಹಳೆಯ ಕಂಪ್ಯೂಟರ್‌ಗೂ ಭಾರ ಆಗಲ್ಲ. 2023ರಲ್ಲಿ ಬಂದ 4.0 ಆವೃತ್ತಿಯಿಂದ ಹೊಸ ಪದ್ಧತಿಯ ಟೊರೆಂಟ್‌ಗೂ ಬೆಂಬಲ ಇದೆ.

ಮೂರನೆಯದು ಡೆಲ್ಯೂಜ್. ಇದರಲ್ಲಿ ಕೆಲಸ ಮಾಡುವ ಭಾಗ ಒಂದು ಯಂತ್ರದಲ್ಲಿ, ನಾವು ನೋಡುವ ಕಿಟಕಿ ಇನ್ನೊಂದರಲ್ಲಿ ಇರಬಹುದು. ಮೂಲೆಯಲ್ಲಿ ರಾಸ್ಪ್‌ಬೆರಿ ಪೈ ಇಟ್ಟು ಸದಾ ಹಂಚುತ್ತಿರಬೇಕು ಅನ್ನುವವರಿಗೆ ಇದು ಸರಿ.

ಕೋಡ್ ತೆರೆದಿದೆ ಅಂದ ಮಾತ್ರಕ್ಕೆ ಕಣ್ಣು ಮುಚ್ಚಿ ನಂಬಬಹುದಾ? ಇಲ್ಲ. 2016ರ ಮಾರ್ಚ್‌ನಲ್ಲಿ ಟ್ರಾನ್ಸ್‌ಮಿಷನ್‌ನ ಅಧಿಕೃತ ತಾಣಕ್ಕೇ ಯಾರೋ ನುಗ್ಗಿ, 2.90 ಆವೃತ್ತಿಯ ಮ್ಯಾಕ್ ಫೈಲನ್ನು ಬದಲಾಯಿಸಿ, ಕೆರೇಂಜರ್ ಅನ್ನೋ ಸುಲಿಗೆ ವೈರಸ್ ಸೇರಿಸಿಟ್ಟರು. ಅದು ಮೂರು ದಿನ ಸುಮ್ಮನಿದ್ದು, ಆಮೇಲೆ ಫೈಲ್‌ಗಳಿಗೆ ಬೀಗ ಹಾಕಿ ಒಂದು ಬಿಟ್‌ಕಾಯಿನ್ ಕೇಳುತ್ತಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಮತ್ತೆ ಅಂಥದ್ದೇ ಘಟನೆ. ಕ್ಯುಬಿಟ್‌ಟೊರೆಂಟ್‌ನಲ್ಲೂ, ಭದ್ರತಾ ಪ್ರಮಾಣಪತ್ರಗಳನ್ನು ಸರಿಯಾಗಿ ಪರೀಕ್ಷಿಸದ ಒಂದು ದೋಷ 2010ರಿಂದ ಇದ್ದು, 2024ರ ಅಕ್ಟೋಬರ್‌ನಲ್ಲಿ 5.0.1 ಆವೃತ್ತಿಯಲ್ಲಿ ಸರಿಹೋಯಿತು. ತೆರೆದ ಕೋಡ್‌ನ ಲಾಭ ಇಷ್ಟು: ಯಾರು ಬೇಕಾದರೂ ಹುಡುಕಬಹುದು, ಸರಿಮಾಡಿದ್ದು ಎಲ್ಲರಿಗೂ ಕಾಣುತ್ತೆ. ಆದರೆ ಯಾರಾದರೂ ನಿಜವಾಗಿ ಕೂತು ಹುಡುಕಬೇಕು.

ಅದಕ್ಕೇ ಇನ್‌ಸ್ಟಾಲ್ ಮಾಡುವ ಮುನ್ನ ಎರಡು ಕೆಲಸ ಮಾಡಿ. ಹುಡುಕಾಟದಲ್ಲಿ ಮೊದಲು ಬಂದ ಜಾಹೀರಾತು ಒತ್ತಬೇಡಿ. ಕ್ಯುಬಿಟ್‌ಟೊರೆಂಟ್‌ನ ಅಧಿಕೃತ ತಾಣದ ವಿಳಾಸ ಡಾಟ್ ಆರ್ಗ್ ಅಂತ ಕೊನೆಯಾಗುತ್ತೆ, ಬಾಲ ಬೇರೆ ಇದ್ದರೆ ಅಲ್ಲೇ ನಿಲ್ಲಿ. ಎರಡನೆಯದು, ತಾಣದಲ್ಲಿ ಕೊಟ್ಟಿರುವ ಶಾ-256 ಬೆರಳಚ್ಚನ್ನು ನೀವು ಇಳಿಸಿದ ಫೈಲಿನ ಬೆರಳಚ್ಚಿನ ಜೊತೆ ಹೋಲಿಸಿ. ವಿಂಡೋಸ್‌ನಲ್ಲಿ ಪವರ್‌ಶೆಲ್ ತೆರೆದು ಗೆಟ್-ಫೈಲ್‌ಹ್ಯಾಶ್ ಅಂತ ಬರೆದು, ಜಾಗ ಬಿಟ್ಟು, ಫೈಲಿನ ಹೆಸರು ಕೊಟ್ಟರೆ ಸಾಕು. ಒಂದಕ್ಷರ ಹೊಂದದಿದ್ದರೂ ಆ ಫೈಲ್ ಅಳಿಸಿ. ಒಂದು ಎಚ್ಚರಿಕೆ: ತಾಣವೇ ಕಳ್ಳರ ಕೈಗೆ ಹೋದರೆ ಅಲ್ಲಿರುವ ಬೆರಳಚ್ಚನ್ನೂ ಅವರು ಬದಲಾಯಿಸಬಹುದು. ಆದ್ದರಿಂದ ಅಭಿವರ್ಧಕರ ಡಿಜಿಟಲ್ ಸಹಿ ಪರೀಕ್ಷಿಸಲು ಬಂದರೆ ಇನ್ನೂ ಭದ್ರ. ಲಿನಕ್ಸ್‌ನವರು ತಮ್ಮ ವಿತರಣೆಯ ಭಂಡಾರದಿಂದಲೇ ಹಾಕಿಕೊಳ್ಳಬಹುದು. ಅಲ್ಲಿ ಈ ಪರೀಕ್ಷೆ ತಾನಾಗೇ ನಡೆಯುತ್ತೆ.

ಹಾಕಿಕೊಂಡ ಮೇಲೆ ಮೊದಲ ಸೆಟ್ಟಿಂಗ್, ಅಪ್‌ಲೋಡ್ ಮಿತಿ. ಮಿತಿ ಇಲ್ಲದಿದ್ದರೆ ಅಪ್‌ಲೋಡ್ ದಾರಿ ಪೂರ್ತಿ ತುಂಬಿ, ಊರಿಗೆ ಮಾಡಿದ ವಿಡಿಯೋ ಕಾಲ್‌ನಲ್ಲಿ ಅಮ್ಮನ ಮುಖ ಕಲ್ಲಿನಂತೆ ನಿಂತುಬಿಡುತ್ತೆ. ನಿಮ್ಮ ಅಪ್‌ಲೋಡ್ ವೇಗದ 80 ಪ್ರತಿಶತ ಮೀರದ ಹಾಗೆ ಇಡಿ. ಲೆಕ್ಕ ಹೀಗೆ: ಕಂಪನಿ ಹೇಳೋದು ಮೆಗಾಬಿಟ್, ಸಾಫ್ಟ್‌ವೇರ್ ತೋರಿಸೋದು ಬೈಟ್, ಎಂಟು ಬಿಟ್‌ಗೆ ಒಂದು ಬೈಟ್. 40 ಮೆಗಾಬಿಟ್ ಅಪ್‌ಲೋಡ್ ಅಂದರೆ ಸೆಕೆಂಡಿಗೆ 5 ಮೆಗಾಬೈಟ್. ಮಿತಿ 4 ಮೆಗಾಬೈಟ್ ಆಗಲಿ. ಎರಡನೆಯದು, ಬ್ರೌಸರ್‌ನಿಂದ ನಿಯಂತ್ರಿಸುವ ವೆಬ್ ಸೌಲಭ್ಯ ಬೇಡದಿದ್ದರೆ ಮುಚ್ಚಿಡಿ, ಬೇಕಿದ್ದರೆ ಗಟ್ಟಿ ಪಾಸ್‌ವರ್ಡ್ ಹಾಕಿ. ಮೂರನೆಯದು, ಅಪ್‌ಡೇಟ್ ಬಂದಾಗ ಮುಂದೂಡಬೇಡಿ.

ಕೊನೆಗೆ ಒಂದು ಮನೆಗೆಲಸ. ಇಂಟರ್ನೆಟ್ ಆರ್ಕೈವ್ 2012ರಿಂದ ತನ್ನ ಸಂಗ್ರಹವನ್ನು ಟೊರೆಂಟ್ ಮೂಲಕವೂ ಕೊಡ್ತಿದೆ. ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ ಸ್ಕ್ಯಾನ್ ಮಾಡಿದ ಎಷ್ಟೋ ಕನ್ನಡ ಪುಸ್ತಕಗಳು ಅಲ್ಲಿವೆ. ಭಾರತದಲ್ಲಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಕೃತಿಸ್ವಾಮ್ಯ ಇರುತ್ತೆ. ಬೇರೆ ದೇಶಗಳಲ್ಲಿ ಲೆಕ್ಕ ಬೇರೆ ಇರಬಹುದು. ಎರಡನ್ನೂ ನೋಡಿಕೊಂಡು, ಹಕ್ಕು ಮುಗಿದ ಒಂದು ಹಳೆಯ ಪುಸ್ತಕ ಆರಿಸಿ, ಟೊರೆಂಟ್ ಮೂಲಕ ಇಳಿಸಿ. ನೀವು ಪಡೆದಷ್ಟೇ ಹಂಚಿದಾಗ ರೇಷಿಯೋ ಅನ್ನೋ ಅಂಕಣದಲ್ಲಿ 1.0 ಅಂತ ಬರುತ್ತೆ. ಅಪರೂಪದ ಪುಸ್ತಕಕ್ಕೆ ಕೇಳುವವರು ಕಡಿಮೆ, ಆ ಅಂಕಿ ಬರಲು ದಿನಗಟ್ಟಲೆ ಬೇಕಾಗಬಹುದು. ಪರವಾಗಿಲ್ಲ, ಬಾಗಿಲು ತೆರೆದಿಡಿ. ನಾಟಿ ಮುಗಿಸಿಕೊಂಡ ಮೇಲೆ ಮುಯ್ಯಿ ತೀರಿಸೋದು ನಮ್ಮ ಸರದಿ.