ಸ್ಪಾರ್ಕ್‌ಸ್ಟೇಷನ್‌ಗೆ ಸಿಡಿ ಡ್ರೈವ್ ಜೋಡಿಸುವವರಿಗೆ: ಮಾಡಬೇಕಾದ್ದು, ಮಾಡಬಾರದ್ದು

ಸನ್ ಕಂಪನಿಯ ಹಳೆಯ ಸ್ಪಾರ್ಕ್‌ಸ್ಟೇಷನ್‌ಗಳನ್ನು ಸೋಲಾರಿಸ್ 2ರಲ್ಲಿ ಇಂದಿಗೂ ನಡೆಸುತ್ತಿರುವವರಿಗೆ ಈ ಸೂಚನೆ. ಈ ಯಂತ್ರಗಳ ಬಿಡಿಭಾಗಗಳು ಈಗ ತಯಾರಾಗುತ್ತಿಲ್ಲ. ಒಂದು ಬೋರ್ಡ್ ಸುಟ್ಟರೆ ಬದಲಿ ಸಿಗುವುದು ಅದೃಷ್ಟವಿದ್ದರೆ ಮಾತ್ರ. ಕೆಳಗಿನವನ್ನು ಸಲಹೆಯೆಂದು ಓದಬೇಡಿ, ಹೇಳಿದಂತೆ ಮಾಡಿ.

ಯಂತ್ರ ಚಾಲೂ ಇರುವಾಗ ಸ್ಕಸಿ ಕೇಬಲ್ ಹಾಕಬೇಡಿ, ಕೀಳಬೇಡಿ. ‘ಇನಿಟ್ 0’ ಕೊಟ್ಟು ಸೋಲಾರಿಸ್ ನಿಲ್ಲಿಸಿ. ಆಮೇಲೆ ಯಂತ್ರವನ್ನೂ ಹೊರಗಿನ ಪೆಟ್ಟಿಗೆಗಳನ್ನೂ ಆರಿಸಿ. ಆ ಕೇಬಲ್‌ನಲ್ಲಿ ಟರ್ಮಿನೇಟರ್‌ಗೆ ವಿದ್ಯುತ್ ಒಯ್ಯುವ ತಂತಿಯೂ ಇದೆ. ಪಿನ್ ಓರೆಯಾಗಿ ತಾಗಿದರೆ ಫ್ಯೂಸ್ ಹೋಗುತ್ತದೆ, ಅದೇ ಬಸ್‌ನಲ್ಲಿರುವ ಹಾರ್ಡ್‌ಡಿಸ್ಕ್‌ನ ಬರವಣಿಗೆಯೂ ಕೆಡಬಹುದು.

ಡ್ರೈವ್‌ನ ಐಡಿ 6 ಇರಲಿ. 7 ಯಂತ್ರದ್ದೇ, 3 ಬೂಟ್ ಡಿಸ್ಕಿನದು. ಓಪನ್‌ಬೂಟ್‌ನಲ್ಲಿ ‘ಸಿಡಿರಾಮ್’ ಎಂಬ ಹೆಸರು ಹುಡುಕುವುದು 6ನ್ನೇ. ಒಂದೇ ಐಡಿಯನ್ನು ಎರಡು ಸಾಧನಗಳಿಗೆ ಕೊಡಬೇಡಿ.

ಸರಪಣಿಯ ಎರಡು ತುದಿಗಳಲ್ಲೂ ಟರ್ಮಿನೇಟರ್ ಇರಲೇಬೇಕು, ನಡುವೆ ಎಲ್ಲೂ ಇರಕೂಡದು. ಯಂತ್ರದ ಕಡೆಯ ತುದಿ ಒಳಗೇ ಮುಗಿದಿರುತ್ತದೆ. ನೀವು ನೋಡಿಕೊಳ್ಳಬೇಕಾದ್ದು ಕೊನೆಯ ಪೆಟ್ಟಿಗೆಯನ್ನು. ಕೇಬಲ್‌ನ ಒಟ್ಟು ಉದ್ದ 6 ಮೀಟರ್ ದಾಟಬಾರದು, ಫಾಸ್ಟ್ ಸ್ಕಸಿಯಾದರೆ 3 ಮೀಟರ್. ಪೆಟ್ಟಿಗೆಯೊಳಗಿನ ತಂತಿಯನ್ನೂ ಸೇರಿಸಿ ಅಳೆಯಿರಿ.

ಹೆಚ್ಚಿನವರು ಎಡವುವುದು ಇಲ್ಲಿ: ಪಿಸಿಗೆಂದು ಮಾಡಿದ ಸ್ಕಸಿ ಡ್ರೈವ್ ಸಿಡಿಯನ್ನು 2048 ಬೈಟ್‌ಗಳ ತುಂಡುಗಳಲ್ಲಿ ಕೊಡುತ್ತದೆ, ಹಳೆಯ ಸನ್ ಯಂತ್ರದ ಪ್ರಾಮ್ ಕೇಳುವುದು 512 ಬೈಟ್‌ಗಳ ತುಂಡನ್ನು. ಡ್ರೈವ್ ಕಾಣಿಸುತ್ತದೆ, ದೀಪ ಮಿನುಗುತ್ತದೆ, ಬೂಟ್ ಮಾತ್ರ ಆಗುವುದಿಲ್ಲ. ಪ್ಲೆಕ್ಸ್‌ಟರ್‌ನ ಹಲವು ಡ್ರೈವ್‌ಗಳಲ್ಲಿ ಇದನ್ನು ಬದಲಿಸುವ ಜಂಪರ್ ಇದೆ. ಕೊಳ್ಳುವ ಮೊದಲೇ ವಿಚಾರಿಸಿ. ಬೂಟ್ ಆಗದಿದ್ದಾಗ ಡಿಸ್ಕನ್ನು ಬೈದು ಮತ್ತೊಂದು ಬರೆಯುತ್ತಾ ಕೂರಬೇಡಿ. ಡಿಸ್ಕಿನ ಬಗ್ಗೆ ಒಂದು ಮಾತು: ಸಿಡಿ-ಆರ್‌ಡಬ್ಲ್ಯೂ ಬೇಡ, ಅದರ ಮಂದ ಪ್ರತಿಫಲನವನ್ನು ಹಳೆಯ ಡ್ರೈವ್‌ಗಳು ಓದಲಾರವು. ಸಿಡಿ-ಆರ್ ಬಳಸಿ. ಬರೆಯುವಾಗ ರಾಕ್ ರಿಡ್ಜ್ ಸೇರಿಸಿ, ಇಲ್ಲದಿದ್ದರೆ ಯುನಿಕ್ಸ್‌ನ ಉದ್ದ ಹೆಸರುಗಳೂ ಅನುಮತಿಗಳೂ ಉಳಿಯುವುದಿಲ್ಲ.

ಈಗ ಯಂತ್ರ ಹಚ್ಚಿ. ಹೊರಗಿನ ಪೆಟ್ಟಿಗೆ ಮೊದಲು, ಯಂತ್ರ ಆಮೇಲೆ. ‘ಓಕೆ’ ಪ್ರಾಂಪ್ಟ್‌ನಲ್ಲಿ ‘ಪ್ರೋಬ್-ಸ್ಕಸಿ’ ಕೊಡಿ. ಸ್ಟಾಪ್-ಎ ಒತ್ತಿ ನಿಲ್ಲಿಸಿದ ಯಂತ್ರದಲ್ಲಿ ನೇರವಾಗಿ ಕೊಡಬೇಡಿ, ಅದು ಸ್ತಬ್ಧವಾಗಬಹುದು. ‘ಆಟೋ-ಬೂಟ್?’ ಅನ್ನು ‘ಫಾಲ್ಸ್’ ಮಾಡಿ, ರೀಸೆಟ್ ಕೊಟ್ಟು, ನಂತರ ಹುಡುಕಿ. ಟಾರ್ಗೆಟ್ 6ರಲ್ಲಿ ಡ್ರೈವ್ ಕಾಣದಿದ್ದರೆ ಸೋಲಾರಿಸ್‌ಗೆ ಹೋಗಲೇಬೇಡಿ. ಪ್ರಾಮ್‌ಗೆ ಕಾಣದ ಡ್ರೈವ್ ಯಾವ ಕಾನ್ಫಿಗರೇಷನ್ ಫೈಲ್‌ನಿಂದಲೂ ಹುಟ್ಟಿ ಬರುವುದಿಲ್ಲ. ಕೇಬಲ್, ಐಡಿ, ಟರ್ಮಿನೇಟರ್ ಮತ್ತೆ ನೋಡಿ.

ಕಂಡರೆ ‘ಬೂಟ್ -ಆರ್’. ಆ ‘-ಆರ್’ ಬಿಟ್ಟರೆ ‘/ಡೆವ್’ನಲ್ಲಿ ಹೊಸ ಡ್ರೈವ್‌ನ ನಮೂದು ಮೂಡುವುದಿಲ್ಲ. ನಮೂದನ್ನು ಕೈಯಿಂದ ಸೃಷ್ಟಿಸಲು ಹೋಗಬೇಡಿ.

ಸಿಡಿ ಹಾಕಿದೊಡನೆ ‘ವೋಲ್ಡ್’ ಅದನ್ನು ‘/ಸಿಡಿರಾಮ್’ ಅಡಿ ತಾನೇ ಮೌಂಟ್ ಮಾಡುತ್ತದೆ. ಅದು ಓಡುತ್ತಿರುವಾಗ ನೀವೂ ಮೌಂಟ್ ಮಾಡಬೇಡಿ, ‘ಬಿಜಿ’ ಎಂಬ ಉತ್ತರವಷ್ಟೇ ಬರುತ್ತದೆ. ಕೈಯಿಂದಲೇ ಮಾಡಬೇಕಿದ್ದರೆ ಮೊದಲು ‘ವೋಲ್ಡ್’ ನಿಲ್ಲಿಸಿ. ನಂತರ ಫೈಲ್ ಸಿಸ್ಟಮ್ ‘ಎಚ್‌ಎಸ್‌ಎಫ್‌ಎಸ್’ ಎಂದೂ ‘ಆರ್‌ಓ’ ಎಂದೂ ತಿಳಿಸಿ.

ತೆಗೆಯುವಾಗ ಆ ಡೈರೆಕ್ಟರಿಯಿಂದ ಹೊರಬನ್ನಿ, ಎನ್‌ಎಫ್‌ಎಸ್‌ನಲ್ಲಿ ಹಂಚಿದ್ದರೆ ಹಿಂತೆಗೆದುಕೊಳ್ಳಿ, ‘ಇಜೆಕ್ಟ್ ಸಿಡಿರಾಮ್’ ಕೊಡಿ. ಬರದಿದ್ದರೆ ‘ಫ್ಯೂಸರ್ -ಸಿಯು’ನಿಂದ ಯಾರು ಹಿಡಿದಿದ್ದಾರೆಂದು ನೋಡಿ ಅವರಿಗೆ ಹೇಳಿ. ಮೌಂಟ್ ಆಗಿರುವ ಡ್ರೈವ್‌ನ ಸಣ್ಣ ತೂತಿಗೆ ಪಿನ್ನು ಚುಚ್ಚಬೇಡಿ.